ಮನೆ ಕಟ್ಟುವಾಗ ಬರುವ ‘ಬಿಲ್ಡಿಂಗ್ ಇನ್ಸ್‌ಪೆಕ್ಟರ್’ ಯಾರು, ಏನು ನೋಡುತ್ತಾರೆ? ಮಂಗಳೂರು–ಉಡುಪಿಯವರಿಗೆ ಮಾರ್ಗದರ್ಶಿ

ಲಾಲ್‌ಬಾಗ್‌ನ ಮಹಾನಗರ ಪಾಲಿಕೆಯಲ್ಲಾಗಲಿ ಉಡುಪಿ ನಗರಸಭೆಯಲ್ಲಾಗಲಿ ‘ಬಿಲ್ಡಿಂಗ್ ಇನ್ಸ್‌ಪೆಕ್ಟರ್’ ಎಂಬ ಬೋರ್ಡ್ ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಆ ಕೆಲಸ ಇದೆ, ಆದರೆ ಅದನ್ನು ಮೂರ್ನಾಲ್ಕು ಜನ ಹಂಚಿಕೊಂಡು ಮಾಡುತ್ತಾರೆ. ನಕ್ಷೆ ನೋಡುವವರು ಒಬ್ಬರು, ಜಾಗಕ್ಕೆ ಬಂದು ಟೇಪ್ ಹಿಡಿಯುವವರು ಇನ್ನೊಬ್ಬರು, ಸಹಿ ಹಾಕುವವರು ಮತ್ತೊಬ್ಬರು. ಯಾರು ಏನು ನೋಡುತ್ತಾರೆ ಎನ್ನುವುದಕ್ಕಿಂತ, ಏನನ್ನು ಯಾರೂ ನೋಡುವುದಿಲ್ಲ ಎಂದು ತಿಳಿಯದೆ ಪಂಚಾಂಗ, ಅಂದರೆ ಮನೆಯ ತಳಪಾಯ, ಹಾಕುವವರೇ ಜಾಸ್ತಿ.

ನಾನು ನಕ್ಷೆ ಮಾಡಿಕೊಡುವ ಇಂಜಿನಿಯರ್, ಅಂದರೆ ಕಚೇರಿಯ ಮೇಜಿನ ಈಚೆ ಬದಿಯಲ್ಲಿ ಕೂರುವವನು. ಇದನ್ನು ಮುಖ್ಯವಾಗಿ ಮನೆ ಕಟ್ಟುವವರಿಗಾಗಿ ಬರೆದಿದ್ದೇನೆ. ಈ ಕೆಲಸಕ್ಕೆ ಸೇರಬೇಕು ಎಂದುಕೊಂಡಿರುವ ಹುಡುಗ ಹುಡುಗಿಯರಿಗೆ ಬೇಕಾದ ವಿವರ ಕೊನೆಯ ಭಾಗದಲ್ಲಿದೆ.

ಹಂತ 1: ನಿಮ್ಮ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ?

ಮಂಗಳೂರು ಪಾಲಿಕೆಯೊಳಗಿನ ಜಾಗಕ್ಕೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಅನ್ವಯಿಸುತ್ತದೆ. ಉಡುಪಿ, ಉಳ್ಳಾಲ, ಪುತ್ತೂರು ನಗರಸಭೆಗಳಿಗೆ, ಕುಂದಾಪುರ, ಕಾರ್ಕಳ, ಬಂಟ್ವಾಳ, ಕಾಪು ಪುರಸಭೆಗಳಿಗೆ, ಸಾಲಿಗ್ರಾಮದಂಥ ಪಟ್ಟಣ ಪಂಚಾಯತಿಗಳಿಗೆ 1964ರ ಪುರಸಭೆಗಳ ಕಾಯ್ದೆ. ಗ್ರಾಮ ಪಂಚಾಯತಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್. ಇದರ ಮೇಲೆ ಇನ್ನೊಂದು ಪದರ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ‘ಮುಡಾ’, ಮತ್ತು ಉಡುಪಿ ನಗರಾಭಿವೃದ್ಧಿ ಪ್ರಾಧಿಕಾರ ಕೆಲಸ ಮಾಡುತ್ತವೆ.

ಪಾಲಿಕೆಯ ಗಡಿ ದಾಟಿದ ಮಾತ್ರಕ್ಕೆ ಪ್ರಾಧಿಕಾರದ ಗಡಿ ದಾಟಿದಂತೆ ಆಗುವುದಿಲ್ಲ. ಪಂಚಾಯತಿ ಜಾಗವಾದರೂ ಅದು ಪ್ರಾಧಿಕಾರದ ಯೋಜನಾ ಪ್ರದೇಶದೊಳಗೆ ಇರಬಹುದು. ಆಗ ಜಾಗದ ವಿನ್ಯಾಸಕ್ಕೆ ಪ್ರಾಧಿಕಾರದ ಅನುಮೋದನೆ ಬೇಕಾಗುತ್ತದೆ. ‘ನಮ್ಮದು ಹಳ್ಳಿ, ಪಂಚಾಯತಿಯಲ್ಲಿ ಒಂದು ಮಾತು ಹೇಳಿದರೆ ಸಾಕು’ ಎಂದು ನಂಬಿ ಅಲೆದಾಡಿದವರು ಬಹಳ ಜನ. 9/11, ಅಂದರೆ ಪಂಚಾಯತಿ ಕೊಡುವ ನಮೂನೆ 9 ಮತ್ತು 11ರ ಆಸ್ತಿ ದಾಖಲೆ, ಕೈಯಲ್ಲಿ ಹಿಡಿದುಕೊಂಡೇ ಮುಂದಿನ ಮಾತು.

ಹಂತ 2: ಯಾರ ಕೆಲಸ ಏನು ಎಂದು ತಿಳಿದುಕೊಳ್ಳಿ

ಪಾಲಿಕೆಯಲ್ಲಿ ಈ ಕೆಲಸ ನಗರ ಯೋಜನಾ ವಿಭಾಗದ್ದು. ಕಡತವನ್ನು ಮೊದಲು ಕೈಗೆತ್ತಿಕೊಂಡು ಸ್ಥಳ ಪರಿಶೀಲನೆಗೆ ಬರುವವರು ಸಾಮಾನ್ಯವಾಗಿ ಕಿರಿಯ ಇಂಜಿನಿಯರ್ ಅಥವಾ ಸಹಾಯಕ ಇಂಜಿನಿಯರ್. ನಮ್ಮ ಬಾಯಲ್ಲಿ ಜೆಇ, ಎಇ. ಅವರು ವರದಿ ಬರೆದು ಮೇಲಿನ ನಗರ ಯೋಜನಾ ಅಧಿಕಾರಿಗೆ ಕಳಿಸುತ್ತಾರೆ. ಕಾಯ್ದೆಯ ಪ್ರಕಾರ ಪರವಾನಿಗೆ ಕೊಡುವ ಅಧಿಕಾರ ಆಯುಕ್ತರದ್ದು. ಕೆಳಗಿನವರು ಸಹಿ ಹಾಕಿದರೂ ಅದು ಆ ಅಧಿಕಾರದಿಂದಲೇ ಬಂದದ್ದು. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯತಿಯಲ್ಲಿ ಮುಖ್ಯಾಧಿಕಾರಿ, ಪಂಚಾಯತಿಯಲ್ಲಿ ಪಿಡಿಒ.

ಹಾಗಾಗಿ ಜಾಗಕ್ಕೆ ಬಂದ ಜೆಇ ‘ಆಯ್ತು, ಮಾಡಿ’ ಎಂದು ಬಾಯಲ್ಲಿ ಹೇಳಿದರೆ ಅದು ಪರವಾನಿಗೆ ಅಲ್ಲ. ಅದೇ ರೀತಿ ಅವರು ಬಾಯಲ್ಲೇ ‘ನಿಲ್ಲಿಸಿ’ ಎಂದರೆ ವಾದಕ್ಕೆ ಇಳಿಯಬೇಡಿ. ಏನು ತಪ್ಪಿದೆ, ಬರಹದಲ್ಲಿ ಕೊಡಿ ಸರ್, ಎಂದು ಮರ್ಯಾದೆಯಿಂದ ಕೇಳಿ. ಅವರ ಮುಖ್ಯ ಕೆಲಸ ಮೂರು. ಸಲ್ಲಿಸಿದ ನಕ್ಷೆ ನಿಯಮಕ್ಕೆ ಹೊಂದುತ್ತದಾ ಎಂದು ನೋಡುವುದು, ಜಾಗ ನಕ್ಷೆಯಲ್ಲಿ ತೋರಿಸಿದಂತೆಯೇ ಇದೆಯಾ ಎಂದು ನೋಡುವುದು, ಕಟ್ಟಿದ್ದು ಅನುಮೋದಿಸಿದ ನಕ್ಷೆಯಂತೆ ಇದೆಯಾ ಎಂದು ನೋಡುವುದು. ದೂರು ಬಂದರೆ ಹೋಗಿ ವರದಿ ಮಾಡುವುದೂ ಅವರ ತಲೆಗೇ ಬರುತ್ತದೆ.

ಇನ್ನು ಅವರು ನೋಡದೇ ಇರುವುದು. ನಿಮ್ಮ ಸಿಮೆಂಟಿನ ಗುಣಮಟ್ಟ, ಕಾಲಂನೊಳಗೆ ಹೋದ ಕಬ್ಬಿಣದ ಗಾತ್ರ, ಮೇಸ್ತ್ರಿ ಎಷ್ಟು ದಿನ ನೀರು ಹಾಕಿದ ಎನ್ನುವುದು, ಇವನ್ನೆಲ್ಲ ಪಾಲಿಕೆಯ ಇಂಜಿನಿಯರ್ ದಿನಾ ಬಂದು ನೋಡುವುದಿಲ್ಲ. ನೋಡಲು ಸಾಧ್ಯವೂ ಇಲ್ಲ. 60 ವಾರ್ಡಿನ ಊರಿನಲ್ಲಿ ಎಷ್ಟು ಮನೆ ಏಳುತ್ತಿವೆ ಯೋಚಿಸಿ! ಆ ಹೊಣೆ ನಿಮ್ಮ ನಕ್ಷೆಗೆ ಸಹಿ ಹಾಕಿದ ನೋಂದಾಯಿತ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್‌ನದ್ದು, ದೊಡ್ಡ ಕಟ್ಟಡವಾದರೆ ಸ್ಟ್ರಕ್ಚರಲ್ ಇಂಜಿನಿಯರ್‌ನದ್ದು. ಪರವಾನಿಗೆ ಸಿಕ್ಕಿದೆ ಎಂದರೆ ಮನೆ ಗಟ್ಟಿ ಎಂದು ಸರ್ಕಾರ ಗ್ಯಾರಂಟಿ ಕೊಟ್ಟಂತೆ ಅಲ್ಲ. ನಿಮ್ಮ ನಕ್ಷೆಗೆ ಸಹಿ ಮಾತ್ರ ಹಾಕಿ, ಜಾಗಕ್ಕೆ ಬರದೇ ಇರುವ ಇಂಜಿನಿಯರ್ ಸಿಕ್ಕಿದ್ದರೆ ನಿಮ್ಮ ಮನೆಯನ್ನು ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಸಹಿಯ ರೇಟ್ ಕಡಿಮೆ ಎಂದು ಅಂಥವರ ಹತ್ತಿರ ಹೋಗುವುದನ್ನು ನಾನು ದಿನಾ ನೋಡುತ್ತೇನೆ, ಬೇಸರ ಆಗುತ್ತದೆ.

ಹಂತ 3: ನಕ್ಷೆ ಸಲ್ಲಿಸುವ ಮೊದಲು ಜಾಗವನ್ನು ಅವರ ಕಣ್ಣಿನಲ್ಲಿ ನೋಡಿ

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಇ-ಖಾತೆ ಅಥವಾ 9/11, ಭೂಪರಿವರ್ತನೆ ಆದೇಶ, ಜಾಗದ ಸ್ಕೆಚ್, ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ತೆರಿಗೆ ಕಟ್ಟಿದ ರಶೀದಿ. ಶುಲ್ಕಗಳ ಜೊತೆ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕೂಡ ಬರುತ್ತದೆ, ನಿಗದಿತ ಮಿತಿಯೊಳಗಿನ ಸ್ವಂತ ವಾಸದ ಮನೆಗೆ ಅದರಿಂದ ವಿನಾಯಿತಿ (2025ರ ನವೆಂಬರ್‌ವರೆಗೆ ಆ ಮಿತಿ 10 ಲಕ್ಷ ರೂಪಾಯಿ ಇತ್ತು, ಈಗ 50 ಲಕ್ಷ). ಅರ್ಜಿ ಈಗ ಆನ್‌ಲೈನ್‌ನಲ್ಲೇ ಹೋಗುತ್ತದೆ, ನಿಮ್ಮ ಇಂಜಿನಿಯರ್ ತನ್ನ ಲಾಗಿನ್‌ನಿಂದ ಹಾಕುತ್ತಾರೆ. ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ ಯೋಜನೆಯ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಾಗದ ಮಾತು ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. ಸ್ಥಳ ಪರಿಶೀಲನೆಗೆ ಬರುವವರು ಏನು ನೋಡುತ್ತಾರೋ ಅದನ್ನು ನೀವೇ ಮೊದಲು ನೋಡಿ.

ಮೊದಲನೆಯದು ರಸ್ತೆ. ನಿಮ್ಮ ಜಾಗಕ್ಕೆ ಬರುವ ದಾರಿ ದಾಖಲೆಯಲ್ಲಿ ಎಷ್ಟು ಅಗಲ, ನೆಲದ ಮೇಲೆ ಎಷ್ಟು ಅಗಲ? ಎಷ್ಟು ಮಹಡಿ ಕಟ್ಟಬಹುದು, ಎಷ್ಟು ವಿಸ್ತೀರ್ಣ ಕಟ್ಟಬಹುದು ಎನ್ನುವುದು ಇದರ ಮೇಲೆ ನಿಂತಿದೆ. ಮುಂದೆ ರಸ್ತೆ ಅಗಲ ಮಾಡುವ ಪ್ರಸ್ತಾಪ ಮಾಸ್ಟರ್ ಪ್ಲಾನ್‌ನಲ್ಲಿ ಇದ್ದರೆ ಅಷ್ಟು ಜಾಗ ಈಗಲೇ ಬಿಡಬೇಕಾಗುತ್ತದೆ. ಕದ್ರಿ, ಬಿಜೈ ಕಡೆಯ ಹಳೆಯ ಓಣಿಗಳಲ್ಲಿ 10 ಸೆಂಟ್ಸ್ ಜಾಗ ಇದ್ದರೂ ದಾರಿ ಕಿರಿದಾದ್ದರಿಂದ ಅಂದುಕೊಂಡಷ್ಟು ಎತ್ತರ ಕಟ್ಟಲು ಆಗದೇ ಹೋಗಬಹುದು.

ಎರಡನೆಯದು ಸೆಟ್‌ಬ್ಯಾಕ್. ನಾಲ್ಕೂ ಬದಿಯಲ್ಲಿ ಎಷ್ಟು ಬಿಡಬೇಕು ಎನ್ನುವುದು ಜಾಗದ ಅಳತೆ, ಕಟ್ಟಡದ ಎತ್ತರದ ಮೇಲೆ ಬದಲಾಗುತ್ತದೆ. ಆದ್ದರಿಂದ ಪಕ್ಕದ ಮನೆಯವರ ಅಳತೆ ನಿಮಗೆ ಆಗುವುದಿಲ್ಲ. ಗಡಿಕಲ್ಲು ಸರಿಯಾಗಿ ಗುರುತಿಸದೆ ಅಳತೆ ಶುರು ಮಾಡಬೇಡಿ. ಕಂಪೌಂಡ್ ಇದ್ದಲ್ಲೇ ಗಡಿ ಇದೆ ಎಂದು ನಂಬುವುದು ನಮ್ಮ ಊರಿನ ದೊಡ್ಡ ಕಾಯಿಲೆ. ಸರ್ವೆಯರ್‌ಗೆ ಕೊಡುವ ಹಣ ಉಳಿಸಲು ಹೋಗಿ ಆಮೇಲೆ ಗೋಡೆ ಒಡೆಸುವ ಖರ್ಚು ಮಾಡುವುದು ಯಾಕೆ? ಮುಗಿದ ಗೋಡೆಯ ಹೊರಮುಖದಿಂದ ಗಡಿಗೆ ಅಳೆಯುವುದರಿಂದ ಗಾರೆಯ ದಪ್ಪವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಕ್ಷೆಯಲ್ಲಿ ಇಲ್ಲದ ಹೊರಗಿನ ಮೆಟ್ಟಿಲು, ಕಾರ್ ಪೋರ್ಚ್, ಸಿಟೌಟ್ ಆಮೇಲೆ ಸೇರಿಕೊಳ್ಳುವುದು ಈ ಬಿಟ್ಟ ಜಾಗದಲ್ಲೇ.

ಮೂರನೆಯದು ವಿದ್ಯುತ್ ತಂತಿ. ಸಾಮಾನ್ಯ ಲೈನ್ ಆದರೆ ಕಟ್ಟಡದಿಂದ ಪಕ್ಕಕ್ಕೆ 1.2 ಮೀಟರ್, ತಾರಸಿಯಿಂದ ಮೇಲಕ್ಕೆ 2.5 ಮೀಟರ್ ಅಂತರ ಬೇಕು. 11 ಕೆವಿ ಲೈನ್ ಆದರೆ ಪಕ್ಕಕ್ಕೆ ಅದೇ 1.2 ಮೀಟರ್, ಮೇಲಕ್ಕೆ 3.7 ಮೀಟರ್. ಲೈನ್ ಬದಲಿಸಬೇಕಿದ್ದರೆ ಮೆಸ್ಕಾಂಗೆ ಈಗಲೇ ಅರ್ಜಿ ಹಾಕಿ. ಸ್ಲ್ಯಾಬ್ ಹಾಕುವ ವಾರ ಓಡಿದರೆ ಯಾರೂ ಸಹಾಯ ಮಾಡಲು ಆಗುವುದಿಲ್ಲ.

ನಾಲ್ಕನೆಯದು ಬಾವಿ. ಕರಾವಳಿಯಲ್ಲಿ ಬಾವಿ ಇಲ್ಲದ ಹಿತ್ತಿಲು ಕಡಿಮೆ, ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್ ಇಲ್ಲದ ಮನೆಯೂ ಇಲ್ಲ. ಇಂಗುಗುಂಡಿಯಿಂದ ಕುಡಿಯುವ ನೀರಿನ ಬಾವಿಗೆ ಕನಿಷ್ಠ 18 ಮೀಟರ್ ದೂರ ಇರಬೇಕು ಎಂದು ಭಾರತೀಯ ಮಾನಕ (ಐಎಸ್) 2470 ಹೇಳುತ್ತದೆ. 5 ಸೆಂಟ್ಸ್ ಜಾಗದಲ್ಲಿ ಇದು ಕಷ್ಟ, ನಿಜ. ಆದರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ತೂತು ತೂತಾಗಿರುತ್ತದೆ, ನೀರು ಸಲೀಸಾಗಿ ಹರಿದುಹೋಗುತ್ತದೆ. ನಿಮ್ಮ ಬಾವಿ ಮಾತ್ರ ನೋಡಿದರೆ ಸಾಲದು. ಬೇಲಿಯಾಚೆಯ ಬಾವಿ ಎಲ್ಲಿದೆ ಎಂದೂ ನಕ್ಷೆಯಲ್ಲಿ ಗುರುತು ಮಾಡಿಸಿ. ನೆರೆಯವರ ದೂರುಗಳಲ್ಲಿ ಬಾವಿಯ ದೂರು ಬಹಳ ಬಿಸಿಯಾದದ್ದು.

ಐದನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅದು ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಬದಿ, ಮತ್ತು ತಡೆಗೋಡೆ. ಮಂಗಳೂರು ಗುಡ್ಡಗಳ ಊರು. ಜಾಗ ಸಮತಟ್ಟು ಮಾಡಲು ಜೆಸಿಬಿ ತಂದು ನೇರವಾಗಿ ಕಡಿದುಬಿಡುತ್ತಾರೆ. ಮೇಲೆ ಗಟ್ಟಿ ಮುರಕಲ್ಲು ಕಾಣುತ್ತದೆ, ಬೇಸಿಗೆಯಲ್ಲಿ ಗೋಡೆಯಂತೆ ನಿಂತಿರುತ್ತದೆ. ಅದರ ಅಡಿಯಲ್ಲಿ ಇರುವುದು ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದ ಕೂಡಲೇ ಬಲ ಕಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 2024ರ ಜೂನ್ ಕೊನೆಯಲ್ಲಿ ಉಳ್ಳಾಲ ತಾಲೂಕಿನ ಮದನಿ ನಗರದಲ್ಲಿ ಪಕ್ಕದ ಜಾಗದ ಗೋಡೆ ಮನೆ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಒಂದೇ ವಾರದೊಳಗೆ ಬಲ್ಮಠದಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಮಣ್ಣು ಕುಸಿದು ಒಬ್ಬ ಕಾರ್ಮಿಕ ಸತ್ತ.

ಆದ್ದರಿಂದ ಒಂದಾಳಿಗಿಂತ ಹೆಚ್ಚು ಎತ್ತರ ಕಡಿಯಬೇಕಿದ್ದರೆ ತಡೆಗೋಡೆಯ ವಿನ್ಯಾಸವನ್ನೂ ಸ್ಟ್ರಕ್ಚರಲ್ ಇಂಜಿನಿಯರ್‌ನಿಂದ ಮಾಡಿಸಿ, ನಕ್ಷೆಯ ಜೊತೆಗೇ ಕೊಡಿ. ಕಂಪೌಂಡ್ ಗೋಡೆ ಬೇರೆ, ಮಣ್ಣು ತಡೆಯುವ ಗೋಡೆ ಬೇರೆ. ಮುರಕಲ್ಲಿನ ಕಂಪೌಂಡ್ ಕಟ್ಟಿ ಅದರ ಹಿಂದೆ ಮಣ್ಣು ತುಂಬಿಸುವುದು ಅಪಾಯವನ್ನು ಕೈಯಾರೆ ಕಟ್ಟಿಟ್ಟಂತೆ. ತಡೆಗೋಡೆಯಲ್ಲಿ ನೀರು ಹೊರಬರಲು ಪೈಪ್ ಇಟ್ಟಿದ್ದಾರಾ, ಆ ಪೈಪ್‌ನ ಹಿಂದೆ ಜಲ್ಲಿ ತುಂಬಿಸಿದ್ದಾರಾ ನೋಡಿ. ಎಷ್ಟೋ ಕಡೆ ಪೈಪ್ ಇರುತ್ತದೆ, ಹಿಂದೆ ಬರೀ ಮಣ್ಣು. ಅದು ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಮಣ್ಣು ಕಡಿಯುವ ಕೆಲಸ ಡಿಸೆಂಬರ್ ಹೊತ್ತಿಗೆ ಶುರು ಮಾಡಿ, ಗೋಡೆ ಏಪ್ರಿಲ್‌ನೊಳಗೆ ಮುಗಿಸಿ. ಮೇ ತಿಂಗಳಲ್ಲಿ ಜೆಸಿಬಿ ಕರೆಸಬೇಡಿ.

ಇಷ್ಟಲ್ಲದೆ ಸಮುದ್ರದ ಕಡೆಯವರು, ಅಂದರೆ ಮಲ್ಪೆ, ಪಣಂಬೂರು, ಸೋಮೇಶ್ವರದವರು, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನೋಡಬೇಕು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ವ್ಯಾಪ್ತಿ. ನೇತ್ರಾವತಿ, ಫಲ್ಗುಣಿಯಂಥ ಉಬ್ಬರ ಇಳಿತ ಇರುವ ನದಿಗಳ ದಂಡೆಗೂ ನಿಯಮ ಅನ್ವಯಿಸುತ್ತದೆ. ಬಜ್ಪೆ, ಕೆಂಜಾರು ಸುತ್ತಮುತ್ತ ಎತ್ತರದ ಕಟ್ಟಡಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕು. ತೋಡಿನ (ಸಣ್ಣ ಹಳ್ಳದ) ಬದಿಯ ಜಾಗವಾದರೆ ತೋಡಿಗೆ ಬಿಡಬೇಕಾದ ಅಂತರ ಕೇಳಿಕೊಳ್ಳಿ. ತೋಡು ಬೇಸಿಗೆಯಲ್ಲಿ ಒಣಗಿರುತ್ತದೆ ಎಂದು ಅದನ್ನು ಮುಚ್ಚಿಬಿಡುವವರಿಗೆ ಜುಲೈಯಲ್ಲಿ ಉತ್ತರ ಸಿಗುತ್ತದೆ.

ಹಂತ 4: ಮುಚ್ಚಿಹೋಗುವ ಮೊದಲು ನೋಡಿಸಿ

ಪರವಾನಿಗೆ ಬಂತು. ಅನುಮೋದಿಸಿದ ನಕ್ಷೆಯ ಒಂದು ಪ್ರತಿ ಜಾಗದಲ್ಲೇ ಇರಬೇಕು. ಪರಿಶೀಲನೆಗೆ ಬಂದವರು ಮೊದಲು ಕೇಳುವುದು ಅದನ್ನೇ. ಮೇಸ್ತ್ರಿಯ ಹತ್ತಿರ ಇರುವುದು ಇಂಜಿನಿಯರ್ ಮೊದಲು ಕೊಟ್ಟ ಹಳೆಯ ಪ್ರಿಂಟ್ ಆಗಿದ್ದು, ಪಾಲಿಕೆ ಅನುಮೋದಿಸಿದ್ದು ಬೇರೆ ಆಗಿದ್ದರೆ? ಹೀಗೆ ಆಗುತ್ತದೆ, ಬಹಳ ಸಲ ಆಗುತ್ತದೆ. ಹಳೆಯದನ್ನೆಲ್ಲ ಹರಿದುಹಾಕಿ.

ಗುರುತು ಹಾಕಿದ ದಿನ, ಪಂಚಾಂಗದ ಮಟ್ಟ ಬಂದ ದಿನ ನಿಮ್ಮ ಇಂಜಿನಿಯರ್ ಇರಲೇಬೇಕು. ನಿಮ್ಮ ಪರವಾನಿಗೆಯ ಷರತ್ತಿನಲ್ಲಿ ಪಂಚಾಂಗದ ಮಟ್ಟದಲ್ಲಿ ಕಚೇರಿಗೆ ತಿಳಿಸಿ ಎಂದು ಬರೆದಿದ್ದರೆ ಬರಹದಲ್ಲೇ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಬರೆದಿಲ್ಲದಿದ್ದರೂ ತಿಳಿಸಿದರೆ ನಷ್ಟವೇನಿಲ್ಲ. ಪಂಚಾಂಗದಲ್ಲಿ ಅರ್ಧ ಅಡಿ ತಪ್ಪಿದರೆ ಕಲ್ಲು ತೆಗೆದು ಸರಿ ಮಾಡಬಹುದು. ಎರಡನೇ ಸ್ಲ್ಯಾಬ್ ಆದ ಮೇಲೆ ಅದೇ ಅರ್ಧ ಅಡಿಗೆ ನೋಟಿಸ್ ಬರುತ್ತದೆ.

ಕಾಂಕ್ರೀಟ್ ಹಾಕುವ ಹಿಂದಿನ ದಿನ ಇನ್ನೂ ಮುಖ್ಯ. ಕಬ್ಬಿಣ ಕಟ್ಟಿ ಆಗಿರುತ್ತದೆ, ಎಲ್ಲ ಕಣ್ಣಿಗೆ ಕಾಣುತ್ತಿರುತ್ತದೆ. ಮರುದಿನ ಸಂಜೆಗೆ ಏನೂ ಕಾಣುವುದಿಲ್ಲ. ಇಲ್ಲಿ ಪಾಲಿಕೆಯವರನ್ನು ಕಾಯಬೇಡಿ. ನಿಮ್ಮ ಇಂಜಿನಿಯರ್ ಬಂದು ನೋಡಿ, ಫೋಟೋ ತೆಗೆದು, ದಿನಾಂಕ ಹಾಕಿ ಸಹಿ ಮಾಡಲಿ. ನೋಡಬೇಕಾದ್ದು ಇವು.

ಕವರ್ ಬ್ಲಾಕ್, ಅಂದರೆ ಕಬ್ಬಿಣದ ಹೊರಗೆ ಕಾಂಕ್ರೀಟ್‌ನ ದಪ್ಪ (ಕವರ್) ಉಳಿಯುವಂತೆ ಇಡುವ ಸಣ್ಣ ತುಂಡು. ನಮ್ಮ ಕಡೆ ಮೇಸ್ತ್ರಿಗಳು ಸ್ಲ್ಯಾಬ್‌ಗೆ 20 ಮಿ.ಮೀ. ಕವರ್ ಇಟ್ಟರೆ ಸಾಕು ಎನ್ನುತ್ತಾರೆ. ಕೆಲವರು ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಡುತ್ತಾರೆ. ಐಎಸ್ 456 ಪ್ರಕಾರ 20 ಮಿ.ಮೀ. ಎನ್ನುವುದು ಸೌಮ್ಯ ವಾತಾವರಣಕ್ಕೆ. ಕರಾವಳಿಯ ಉಪ್ಪು ಗಾಳಿಗೆ ತೆರೆದುಕೊಂಡ ಕಾಂಕ್ರೀಟ್ ‘ತೀವ್ರ’ ಎಂಬ ವರ್ಗಕ್ಕೆ ಬರುತ್ತದೆ. ಅದಕ್ಕೆ ಕವರ್ 45 ಮಿ.ಮೀ., ಕಾಂಕ್ರೀಟ್ ಕನಿಷ್ಠ ಎಂ30 ದರ್ಜೆಯದ್ದು. ಮಲ್ಪೆಯ ಕಡೆ ಹಳೆಯ ಮನೆಗಳ ಸನ್‌ಶೇಡ್ ನೋಡಿ. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಹೊರಗೆ ಕಾಣುತ್ತಿರುತ್ತದೆ. ಕವರ್ ಕಡಿಮೆ ಆದಾಗ ಉಪ್ಪು ಮತ್ತು ತೇವ ಬೇಗ ಕಬ್ಬಿಣ ಮುಟ್ಟುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಡೆಯುತ್ತದೆ. ಮನೆಯ ಹೊರಭಾಗಕ್ಕೆ, ಸನ್‌ಶೇಡ್‌ಗೆ, ಬಾಲ್ಕನಿಗೆ ಯಾವ ಕವರ್ ಎಂದು ನಿಮ್ಮ ಇಂಜಿನಿಯರ್ ಹತ್ತಿರ ಬಾಯಿಬಿಟ್ಟು ಕೇಳಿ.

ಕಾಲಂಗಳ ರಿಂಗ್. ಕರಾವಳಿ ಐಎಸ್ 1893ರ 2016ರ ನಕ್ಷೆಯಲ್ಲಿ ಭೂಕಂಪದ ಮೂರನೇ ವಲಯದಲ್ಲಿದೆ. ಇಲ್ಲಿ ಭೂಕಂಪ ಎಲ್ಲಿ ಬರುತ್ತದೆ ಎಂದು ನಗುವವರಿದ್ದಾರೆ. ಆದರೆ ಈ ವಲಯಕ್ಕೆ ಐಎಸ್ 13920 ಅನ್ವಯಿಸುತ್ತದೆ. ಅದರ ಪ್ರಕಾರ ಬೀಮ್ ಮತ್ತು ಕಾಲಂ ಸೇರುವ ಹತ್ತಿರ ರಿಂಗ್‌ಗಳು ಒತ್ತೊತ್ತಾಗಿ ಇರಬೇಕು, ಅವುಗಳ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು. 90 ಡಿಗ್ರಿ ಬಗ್ಗಿಸಿ ಬಿಡುವುದು ಸುಲಭ, ಹಾಗಾಗಿ ಬಹಳ ಕಡೆ ಹಾಗೇ ಬಿಡುತ್ತಾರೆ.

ಕಾಂಕ್ರೀಟ್ ದಿನ ಕ್ಯೂಬ್ ತೆಗೆಸಿ. 150 ಮಿ.ಮೀ. ಅಚ್ಚು, ಒಂದು ಸ್ಯಾಂಪಲ್‌ಗೆ ಮೂರು ಕ್ಯೂಬ್, 28 ದಿನಕ್ಕೆ ಪರೀಕ್ಷೆ. 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು. ಸಣ್ಣ ಮನೆಗೆ ಇದೆಲ್ಲ ಯಾಕೆ ಎಂದು ಗುತ್ತಿಗೆದಾರ ಕೇಳಬಹುದು. ಕೇಳಲಿ, ನೀವು ತೆಗೆಸಿ. ರೆಡಿಮಿಕ್ಸ್ ಲಾರಿ ಬಂದಾಗ ‘ಗಟ್ಟಿ ಆಗಿದೆ’ ಎಂದು ಮೇಲಿಂದ ನೀರು ಸುರಿಯಲು ಬಿಡಬೇಡಿ.

ಸೆಂಟ್ರಿಂಗ್ ತೆಗೆಯುವ ಲೆಕ್ಕವೂ ಬರೆದಿಟ್ಟುಕೊಳ್ಳಿ. 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕಂಬಗಳು 7 ದಿನ, ಅದಕ್ಕಿಂತ ಉದ್ದವಾದರೆ 14 ದಿನ ಇರಬೇಕು. 6 ಮೀಟರ್‌ವರೆಗಿನ ಬೀಮ್‌ಗೆ 14 ದಿನ, ಮೀರಿದರೆ 21 ದಿನ. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವುದು ಪಿಪಿಸಿ, ಅಂದರೆ ಪೊಜೊಲಾನಾ ಬೆರೆತ ಸಿಮೆಂಟ್, ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ, ಇನ್ನೂ ಕೆಲವು ದಿನ ಬಿಡಿ. ನೀರು ಹಾಕುವುದು ಪಿಪಿಸಿಗೆ ಕಡಿಮೆ ಅಂದರೂ 10 ದಿನ.

ಈ ಫೋಟೋ, ಕ್ಯೂಬ್ ವರದಿ, ಸಹಿ ಮಾಡಿದ ಹಾಳೆಗಳನ್ನು ಒಂದು ಫೈಲ್‌ನಲ್ಲಿ ಇಡಿ. ಯಾರೂ ಕೇಳದಿರಬಹುದು. ಮುಂದೆ ಮೇಲೆ ಇನ್ನೊಂದು ಮಹಡಿ ಎಬ್ಬಿಸಬೇಕು ಎಂದಾಗ ಇವುಗಳ ಬೆಲೆ ಗೊತ್ತಾಗುತ್ತದೆ.

ಹಂತ 5: ಮುಗಿದ ಮೇಲೆ ಅರ್ಜಿ ಹಾಕಿ, ಆಮೇಲೆ ಒಕ್ಕಲು

ನಮ್ಮಲ್ಲಿ ಗೃಹಪ್ರವೇಶದ ಮುಹೂರ್ತ ಮೊದಲು ನಿಗದಿಯಾಗುತ್ತದೆ, ಕಂಪ್ಲೀಷನ್ ಸರ್ಟಿಫಿಕೇಟ್‌ನ ನೆನಪು ಆಮೇಲೆ ಬರುತ್ತದೆ. ಪಾಲಿಕೆ ಕಾಯ್ದೆಯ 310ನೇ ಸೆಕ್ಷನ್ ಪ್ರಕಾರ ಕಟ್ಟಡ ಮುಗಿದ ಒಂದು ತಿಂಗಳೊಳಗೆ ಆಯುಕ್ತರಿಗೆ ಬರಹದಲ್ಲಿ ತಿಳಿಸಬೇಕು, ವಾಸಕ್ಕೆ ಅನುಮತಿ ಪಡೆಯಬೇಕು. ಆಗ ಇಂಜಿನಿಯರ್ ಬಂದು ಅಳೆಯುತ್ತಾರೆ. ಸೆಟ್‌ಬ್ಯಾಕ್, ಎತ್ತರ, ಮಹಡಿ, ಪಾರ್ಕಿಂಗ್, ಮಳೆನೀರು ಇಂಗಿಸುವ ವ್ಯವಸ್ಥೆ, ಸೆಪ್ಟಿಕ್ ಟ್ಯಾಂಕ್. ಅವರ ಕೈಯಲ್ಲಿ ಇರುವುದು ಅನುಮೋದಿತ ನಕ್ಷೆ, ಅದರಲ್ಲಿ ಇಲ್ಲದ್ದು ಏನೇ ಕಂಡರೂ ವರದಿಗೆ ಹೋಗುತ್ತದೆ.

ಕರಾವಳಿಯಲ್ಲಿ ಜಾಸ್ತಿ ತಕರಾರು ಬರುವುದು ತಾರಸಿ ಮೇಲಿನ ಶೀಟ್ ಮಾಡಿನ (ಚಾವಣಿಯ) ವಿಷಯದಲ್ಲಿ. ಮಳೆಗೆ ಸೋರದಿರಲಿ, ಬಟ್ಟೆ ಒಣಗಲಿ ಎಂದು ಹಾಕುತ್ತೇವೆ, ತಪ್ಪೇನಲ್ಲ. ಆದರೆ ಸುತ್ತ ಗೋಡೆ ಎಬ್ಬಿಸಿ ಕಿಟಕಿ ಇಟ್ಟರೆ ಅದನ್ನು ಬರೀ ‘ಮಾಡು’ ಎಂದು ಯಾರೂ ಒಪ್ಪುವುದಿಲ್ಲ, ಇನ್ನೊಂದು ಮಹಡಿ ಎಂದು ಲೆಕ್ಕ ಹಾಕುತ್ತಾರೆ. ಮಾಡು ಹಾಕುವ ಯೋಚನೆ ಇದ್ದರೆ ಮೊದಲ ನಕ್ಷೆಯಲ್ಲೇ ತೋರಿಸಿ.

ಈ ಸರ್ಟಿಫಿಕೇಟ್ ಇಲ್ಲದಿದ್ದರೆ ಡೋರ್ ನಂಬರ್, ಕಾಯಂ ವಿದ್ಯುತ್, ನೀರು ಎಲ್ಲಕ್ಕೂ ತೊಡಕು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಅನುಮೋದಿತ ನಕ್ಷೆಯನ್ನು ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಅಧಿಕಾರಿಗಳು ಆಗಾಗ ಪರಿಶೀಲಿಸಿ ದಾಖಲಿಸಬೇಕು, ಸರ್ಟಿಫಿಕೇಟ್ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕ್‌ಗಳೂ ಅದನ್ನು ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದು ಅದರಲ್ಲಿದೆ. ಫ್ಲ್ಯಾಟ್ ಕೊಳ್ಳುವವರು ಬ್ರೋಷರ್ ಬದಿಗಿಟ್ಟು ಈ ಒಂದು ಕಾಗದ ಕೇಳಿದರೆ ಸಾಕು, ಎಷ್ಟೋ ಬಿಲ್ಡರ್‌ಗಳ ಮಾತಿನ ಧಾಟಿಯೇ ಬದಲಾಗುತ್ತದೆ.

ಹಂತ 6: ನೋಟಿಸ್ ಬಂದರೆ, ತಡ ಆದರೆ, ದುಡ್ಡು ಕೇಳಿದರೆ

ನೋಟಿಸ್ ಬಂದರೆ ಕಪಾಟಿನಲ್ಲಿ ಇಡಬೇಡಿ. ಪಾಲಿಕೆ ಕಾಯ್ದೆಯ 321ನೇ ಸೆಕ್ಷನ್‌ನಲ್ಲಿ ಮೊದಲು ತಾತ್ಕಾಲಿಕ ಆದೇಶ ಬರುತ್ತದೆ, ಜೊತೆಗೆ ಕಾರಣ ಕೇಳುತ್ತಾರೆ. ನೀವು ಉತ್ತರ ಕೊಟ್ಟರೆ ಅದನ್ನು ನೋಡಬೇಕು. ಕೊಡದಿದ್ದರೆ ಆದೇಶ ಖಾಯಂ ಆಗುತ್ತದೆ, ಆಮೇಲೆ ಮೇಲ್ಮನವಿಯ ದಾರಿ ಹಿಡಿಯಬೇಕು. ಉತ್ತರದ ಜೊತೆ ನಿಮ್ಮ ಇಂಜಿನಿಯರ್‌ನ ಅಳತೆಯ ನಕ್ಷೆ ಇರಲಿ. ‘ಪಕ್ಕದವರೂ ಹೀಗೇ ಕಟ್ಟಿದ್ದಾರೆ’ ಎನ್ನುವುದು ಉತ್ತರ ಅಲ್ಲ. ಅಕ್ರಮ ಸಕ್ರಮ ಬರುತ್ತದೆ ಎಂದು ಕಾಯುವವರಿಗೂ ಒಂದು ಮಾತು. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತ್ತು. ಅದನ್ನು ನಂಬಿ ಸೆಟ್‌ಬ್ಯಾಕ್ ನುಂಗಬೇಡಿ.

ಅರ್ಜಿ ತಡವಾದರೆ ಸಕಾಲ ಸಂಖ್ಯೆ ಹಾಕಿ ಎಲ್ಲಿ ನಿಂತಿದೆ ನೋಡಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ಮೇಲ್ಮನವಿ ಹೋದ ಕೂಡಲೇ ಕಡತ ಅಲುಗಾಡುತ್ತದೆ. ಇನ್ನೊಂದು ದಾರಿ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಸ್ಥಳ ಪರಿಶೀಲನೆಯ ವರದಿಯ ಪ್ರತಿಯನ್ನೇ ಕೇಳಿ. ಪಕ್ಕದ ಜಾಗದಲ್ಲಿ ಬರೆ ಕಡಿಯುತ್ತಿದ್ದರೆ ಅದಕ್ಕೆ ಅನುಮತಿ ಇದೆಯಾ ಎಂದು ಕೇಳಲೂ ಇದೇ ದಾರಿ. ಆದರೆ ಮಳೆಗಾಲದ ಅಪಾಯಕ್ಕೆ 30 ದಿನ ಕಾಯುವುದು ಸರಿಯಲ್ಲ. ಫೋಟೋ ಜೊತೆ ಆಯುಕ್ತರಿಗೂ ತಹಶೀಲ್ದಾರರಿಗೂ ಅದೇ ದಿನ ಬರೆಯಿರಿ.

ದುಡ್ಡಿನ ಮಾತು. ರಶೀದಿ ಇಲ್ಲದ ಶುಲ್ಕ ಎಂಬುದು ಇಲ್ಲ. ಕೇಳಿದರೆ ಲೋಕಾಯುಕ್ತ ಪೊಲೀಸರು ಮಂಗಳೂರಿನಲ್ಲೂ ಇದ್ದಾರೆ, ಉಡುಪಿಯಲ್ಲೂ ಇದ್ದಾರೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಲಂಚಕ್ಕೆ ದಾರಿ ಆಗುವುದು ಹೆಚ್ಚಾಗಿ ನಾವು ಮೀರಿದ ಆ ಒಂದು ಅಡಿ. ನಕ್ಷೆಯಂತೆ ಕಟ್ಟಿದವರ ಹತ್ತಿರ ಕೇಳುವುದು ಅಷ್ಟು ಸುಲಭ ಅಲ್ಲ.

ಈ ಕೆಲಸಕ್ಕೆ ಸೇರಬೇಕೆಂದರೆ

ಎರಡು ಮುಖ್ಯ ದಾರಿಗಳಿವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಮಾಡಿದರೆ ಕಿರಿಯ ಇಂಜಿನಿಯರ್ ಹುದ್ದೆಗೆ ಅರ್ಹತೆ. ಮಂಗಳೂರಿನಲ್ಲಿ ಕದ್ರಿ ಗುಡ್ಡದ ಕರ್ನಾಟಕ ಪಾಲಿಟೆಕ್ನಿಕ್, ಅಂದರೆ ಕೆಪಿಟಿ, ಈ ದಾರಿಯ ಹಳೆಯ ಹೆಸರು. ಪಿಯುಸಿ ವಿಜ್ಞಾನದ ಮೇಲೆ ಸಿವಿಲ್ ಬಿಇ ಮಾಡಿದರೆ ಸಹಾಯಕ ಇಂಜಿನಿಯರ್ ಹುದ್ದೆಗೆ. ಸುರತ್ಕಲ್ ಎನ್‌ಐಟಿಕೆ, ಮಣಿಪಾಲದ ಎಂಐಟಿ, ನಿಟ್ಟೆ ಎಲ್ಲ ಬಸ್‌ನಲ್ಲಿ ಹೋಗಿಬರುವ ದೂರದಲ್ಲಿವೆ. ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮನೆಯಲ್ಲಿ ಹಣದ ಅಡಚಣೆ ಇರುವವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ. ಮಧ್ಯದಲ್ಲಿ ಓದು ನಿಂತರೂ ಕೈಯಲ್ಲಿ ಒಂದು ಕೆಲಸದ ಅರ್ಹತೆ ಇರುತ್ತದೆ. ನಗರ ಯೋಜನಾ ಇಲಾಖೆಯ ಹುದ್ದೆಗಳಿಗೆ ಸಿವಿಲ್ ಜೊತೆ ಆರ್ಕಿಟೆಕ್ಚರ್, ಪ್ಲಾನಿಂಗ್ ಓದಿದವರಿಗೂ ಅವಕಾಶ ಇರುತ್ತದೆ. ಮೇಲಿನ ಹುದ್ದೆಗಳಿಗೆ ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು.

ನೇಮಕಾತಿ ಹೆಚ್ಚಾಗಿ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಮೂಲಕ, ಕೆಲವೊಮ್ಮೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ನಡೆಸುತ್ತದೆ. ಕೆಪಿಎಸ್‌ಸಿಯಲ್ಲಿ ಸಾಮಾನ್ಯ ಜ್ಞಾನ ಮತ್ತು ಸಿವಿಲ್ ವಿಷಯದ ಪತ್ರಿಕೆಗಳ ಜೊತೆ ಕಡ್ಡಾಯ ಕನ್ನಡ ಪತ್ರಿಕೆ ಇದೆ. 150 ಅಂಕಕ್ಕೆ 50 ಬರಲೇಬೇಕು, ಇಲ್ಲದಿದ್ದರೆ ಉಳಿದ ಪತ್ರಿಕೆ ನೋಡುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪತ್ರ ಬರೆಯುವುದು, ಸಾರಾಂಶ ಬರೆಯುವುದು ಅಭ್ಯಾಸ ಮಾಡಿ. ವಯೋಮಿತಿ ಸಾಮಾನ್ಯವಾಗಿ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಸಡಿಲಿಕೆ ಆಗಾಗ ಬರುವುದರಿಂದ ಆಯಾ ಅಧಿಸೂಚನೆ ನೋಡಿ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಮೀಸಲಾತಿಯ ಪ್ರಮಾಣಪತ್ರವನ್ನು ಶಾಲೆಯಿಂದ ಈಗಲೇ ಮಾಡಿಸಿಡಿ. ಕೊನೆಯ ದಿನ ಹೆಡ್‌ಮಾಸ್ಟರ್ ರಜೆಯಲ್ಲಿರುತ್ತಾರೆ.

ಓದಿನ ಆಚೆ ಏನು ಬೇಕು? ನಕ್ಷೆ ಓದಿದ ಕೂಡಲೇ ಜಾಗ ಕಣ್ಣಿಗೆ ಬರಬೇಕು. ಆಟೋಕ್ಯಾಡ್ ಕೈಗೆ ಹತ್ತಿರಬೇಕು. ಪಹಣಿ, ಸ್ಕೆಚ್, ಕ್ರಯಪತ್ರ ಓದಲು ಬರಬೇಕು, ಇದನ್ನು ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ಯಾರಾದರೂ ಸರ್ವೆಯರ್ ಜೊತೆ ಕೆಲವು ತಿಂಗಳು ಸುತ್ತಿದರೆ ಬರುತ್ತದೆ. ತುಳು ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ವರದಿ ಬರೆಯುವಾಗ ‘ಸ್ವಲ್ಪ ಉಲ್ಲಂಘನೆ ಇದೆ’ ಎಂದು ಬರೆಯದೆ ‘ಪೂರ್ವ ಬದಿಯಲ್ಲಿ 1.5 ಮೀಟರ್ ಇರಬೇಕಾದಲ್ಲಿ 1.2 ಮೀಟರ್ ಇದೆ’ ಎಂದು ಬರೆಯುವ ಶಿಸ್ತು ಬೇಕು. ಕೋರ್ಟ್‌ನಲ್ಲಿ ನಿಲ್ಲುವುದು ಎರಡನೆಯದು. ಮೇಲಿನಿಂದ ಫೋನ್ ಬರುತ್ತದೆ, ಕೆಳಗಿನಿಂದ ಬೈಗುಳ ಬರುತ್ತದೆ. ಬರಹದಲ್ಲಿ ಅಳತೆ ಇದ್ದರೆ ಎರಡನ್ನೂ ತಡೆದುಕೊಳ್ಳಬಹುದು. ಸೇರಿದ ಮೇಲೆ ಪ್ರೊಬೇಷನ್ ಅವಧಿ ಇರುತ್ತದೆ, ಇಲಾಖಾ ಪರೀಕ್ಷೆಗಳನ್ನೂ ಪಾಸು ಮಾಡಬೇಕು. ಅವನ್ನು ಮುಂದೂಡುತ್ತಾ ಹೋಗಿ ಬಡ್ತಿ ಕಳೆದುಕೊಂಡವರನ್ನು ಯಾವ ಕಚೇರಿಯಲ್ಲಿ ಬೇಕಾದರೂ ಕೇಳಿ, ತೋರಿಸುತ್ತಾರೆ.